ಮುಖಕ್ಕೆ ನಲವತ್ತರ ಗಾಳಿ

ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲೊಂದು ಜಿಮ್ ಇದೆ. ಅಲ್ಲಿ ಕಲಾವತಿ ಜನರಿಂದ ಸೈಕಲ್ ತುಳಿಸುತ್ತಾಳೆ. ಎಲ್ಲಿಗೂ ಹೋಗದ ಸೈಕಲ್ಲುಗಳು ಅವು. ನೆಲಕ್ಕೆ ಊರಿದ ಕಬ್ಬಿಣದ ಕಾಲು, ಮುಂದೊಂದು ಭಾರದ ಚಕ್ರ, ಕಣ್ಣೆದುರಿಗೆ ಪುಟ್ಟದೊಂದು ಪರದೆ. ತುಳಿಯುವವರೆಲ್ಲ ಆ ಪರದೆಯಲ್ಲಿ ಎಷ್ಟು ಕ್ಯಾಲೊರಿ ಕರಗಿತು ಎಂದು ನೋಡಿಕೊಳ್ಳುತ್ತಾರೆ. ಕಲಾವತಿ ನೋಡುವುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ವ್ಯಾಟ್ ಅನ್ನು ಮಾತ್ರ. ಕಾಲಿನ ಕಸುವು ಎಷ್ಟು ಪೆಡಲಿಗೆ ಇಳಿಯುತ್ತಿದೆ ಎಂಬುದರ ಅಳತೆ ಅದು. ಸಾಧಾರಣ ಮೈಕಟ್ಟಿನ ಮನುಷ್ಯ ಒಂದು ತಾಸು ಬಿಡದೆ ತುಳಿದರೆ ನೂರರ ಆಸುಪಾಸು ನಿಲ್ಲುತ್ತದೆ. ಹೊಸಬರು ಬೆವರೊರೆಸಿಕೊಂಡು ಕೆಳಗಿಳಿದಾಗ ಅವಳು, "ಮೊದಲಿನ ಕಾಲದ ಒಂದು ದೊಡ್ಡ ಬಲ್ಬ್ ಹತ್ತಿಸಿದ್ರಿ ನೋಡ್ರಿ," ಎಂದು ನಗುತ್ತಾಳೆ. ಅಷ್ಟು ಒದ್ದಾಡಿದ್ದಕ್ಕೆ ಬರೀ ಒಂದು ಬಲ್ಬೇ ಎಂದು ಅವರಿಗೆ ಬೇಸರವಾಗುತ್ತದೆ.

ಕಲಾವತಿ ವಿಜಯಪುರದ ಕಡೆಯವಳು. ಆ ಸೀಮೆಯಲ್ಲಿ ಸೈಕಲ್ ರೇಸು ಎಂದರೆ ಕುಸ್ತಿಯಷ್ಟೇ ಮರ್ಯಾದೆ. ಅಪ್ಪ ಮರೆಪ್ಪನ ಭಾರದ ಸೈಕಲ್ಲಿನಲ್ಲಿ, ಸೀಟಿನಿಂದ ಪೆಡಲಿಗೆ ಕಾಲು ಎಟುಕದೆ ಅಡ್ಡ ಸರಳಿನ ಕೆಳಗಿನಿಂದ ಕಾಲು ತೂರಿಸಿ ತುಳಿಯುತ್ತಿದ್ದ ಹುಡುಗಿಯನ್ನು ಯಾರೋ ನೋಡಿ ಕ್ರೀಡಾ ನಿಲಯಕ್ಕೆ ಸೇರಿಸಿದರು. ಅಲ್ಲಿ ಅವಳು ಓಡಿಸಿದ್ದು ಹೆಚ್ಚಾಗಿ ತಂಡದ ಮುಂದೆ. ಮುಂದಿರುವವಳು ಗಾಳಿ ಒಡೆಯುತ್ತಾಳೆ, ಹಿಂದಿರುವವರು ಆ ಮರೆಯಲ್ಲಿ ಕಸುವು ಉಳಿಸಿಕೊಂಡು ಬರುತ್ತಾರೆ, ಗುರಿ ಹತ್ತಿರವಾದಾಗ ಪಕ್ಕದಿಂದ ನುಗ್ಗಿ ಗೆಲ್ಲುತ್ತಾರೆ. ಹಾಗೆ ಗೆದ್ದವರ ಫೋಟೊಗಳಲ್ಲಿ ಹಿಂದೆಲ್ಲೋ ಮಸುಕಾಗಿ ಬಗ್ಗಿಕೊಂಡಿರುವ ಆಕೃತಿಯೇ ಕಲಾವತಿ. ಅದರ ಬಗ್ಗೆ ಅವಳಿಗೆ ದೂರೇನೂ ಇರಲಿಲ್ಲ. ಮದುವೆಯಾಗಿ, ಸಿಟಿ ಬಸ್ ಓಡಿಸುವ ಗಂಡ ಫಕೀರೇಶನ ಜೊತೆ ಮೂಡಲಪಾಳ್ಯದ ಬಾಡಿಗೆ ಮನೆಗೆ ಬಂದ ಮೇಲೆ ರೇಸು ನಿಂತಿತು. ಮಗಳು ಕಾಲೇಜು ಸೇರಿ ಹಾಸ್ಟೆಲಿಗೆ ಹೋದಳು. ಕಲಾವತಿಗೆ ನಲವತ್ತು ದಾಟಿತು.

ಆ ಜಿಮ್ಮಿಗೆ ಒಂದು ಸಂಜೆ ತನ್ಮಯಿ ಬಂದಳು. ಬಸವೇಶ್ವರನಗರದ ಹುಡುಗಿ, ವಿಜಯನಗರದ ಬ್ಯಾಂಕೊಂದರಲ್ಲಿ ಕೆಲಸ. ಹುಟ್ಟಿನಿಂದಲೇ ಕಣ್ಣು ಕಾಣದು. ಬೆಳಕಿದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು. ಬಿಳಿ ಕೋಲನ್ನು ಮಡಿಸಿ ಬ್ಯಾಗಿಗೆ ಹಾಕಿ, ಹ್ಯಾಂಡಲ್, ಸೀಟು, ಪೆಡಲ್ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ ಹತ್ತಿ ಕೂತಳು. ಅವಳು ತುಳಿಯುವುದನ್ನು ಕಲಾವತಿ ಸ್ವಲ್ಪ ಹೊತ್ತು ನೋಡಿದಳು. ಸಾಮಾನ್ಯವಾಗಿ ಹೊಸಬರು ಪೆಡಲನ್ನು ಮೇಲಿನಿಂದ ಗುದ್ದುತ್ತಾರೆ. ಈ ಹುಡುಗಿಯ ಕಾಲು ಮಾತ್ರ ಮೊಸರು ಕಡೆದ ಹಾಗೆ ಒಂದೇ ಸಮನೆ ಸುತ್ತುತ್ತಿತ್ತು.

ಸ್ವಲ್ಪ ದಿನ ಕಳೆದ ಮೇಲೆ ತನ್ಮಯಿ ಕೇಳಿದಳು. "ಮೇಡಂ, ಈಗ ಎಷ್ಟು ಸ್ಪೀಡ್ ತೋರಿಸ್ತಾ ಇದೆ?"

"ಮೂವತ್ತೆಂಟು."

"ಇದು ಸುಳ್ಳು ಹೇಳ್ತಾ ಇದೆ. ಅಪ್ಪನ ಸ್ಕೂಟರ್ ಅಷ್ಟು ಸ್ಪೀಡಲ್ಲಿ ಹೋದ್ರೆ ನನ್ನ ದುಪಟ್ಟಾ ಹಾರುತ್ತೆ. ಇಲ್ಲಿ ಏನೂ ಇಲ್ಲ."

ಕಲಾವತಿಗೆ ನಗು ಬಂತು. ಆಮೇಲೆ ಪಕ್ಕದ ಸೈಕಲ್ಲಿನ ಮೇಲೆ ಕೂತು, ಕ್ರೀಡಾ ನಿಲಯದಲ್ಲಿ ಕೋಚ್ ರಾಚಪ್ಪ ಹೇಳಿಕೊಟ್ಟಿದ್ದನ್ನು ಹೇಳಿದಳು. ಸಮತಟ್ಟಾದ ರಸ್ತೆಯಲ್ಲಿ ಸೈಕಲ್ಲಿಗೆ ಅಡ್ಡ ನಿಲ್ಲುವುದು ಬಹುಪಾಲು ಗಾಳಿಯೇ. ನಿಧಾನ ಹೋದರೆ ಅದು ಮೈಗೆ ಹಿತ. ವೇಗ ಹೆಚ್ಚಿದಷ್ಟೂ ಗೋಡೆಯಾಗುತ್ತ ಹೋಗುತ್ತದೆ. ಎರಡರಷ್ಟು ವೇಗ ಬೇಕೆಂದರೆ ಕಾಲಿನ ಕಸುವು ಎರಡರಷ್ಟಾದರೆ ಸಾಲದು, ಎಂಟರಷ್ಟಾಗಬೇಕು. ಹೊರದೇಶಗಳಲ್ಲಿ ಮೀನಿನಾಕಾರದ ಚಿಪ್ಪಿನೊಳಗೆ ಮಲಗಿ ತುಳಿದವರು ಗಂಟೆಗೆ ನೂರನಲವತ್ತು ಕಿಲೋಮೀಟರ್ ದಾಟಿದ್ದಾರೆ. ಅವರ ಕಾಲು ನಮ್ಮ ಕಾಲಿಗಿಂತ ಹತ್ತು ಪಟ್ಟು ದೊಡ್ಡದೇನಲ್ಲ. ಅವರು ಗಾಳಿಗೆ ಸಿಗದಂತೆ ನುಣುಚಿಕೊಂಡರು, ಅಷ್ಟೆ. ಈ ಜಿಮ್ಮಿನ ಸೈಕಲ್ಲಿನಲ್ಲಿ ಗಾಳಿಯೇ ಇಲ್ಲ. ಅದಕ್ಕೇ ಅದು ಬಾಯಿಗೆ ಬಂದ ಅಂಕಿ ತೋರಿಸುತ್ತದೆ.

ತನ್ಮಯಿ ಇದನ್ನೆಲ್ಲ ಕೇಳಿ, "ನಂಗೆ ಆ ಗಾಳಿನೇ ಬೇಕು ಮೇಡಂ," ಎಂದಳು. ಅಪ್ಪನ ಸ್ಕೂಟರ್ ನಲವತ್ತರಲ್ಲಿ ಹೋಗುವಾಗ ಮುಖಕ್ಕೆ ಬಡಿಯುವ ಗಾಳಿ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅದನ್ನು ಒಂದು ಸಲ ತನ್ನ ಕಾಲಿನಿಂದ ಬರಿಸಬೇಕು, ಆಗುತ್ತದಾ ಎಂದು ಕೇಳಿದಳು.

ಆಗುತ್ತದೆ ಎಂದು ಕಲಾವತಿ ಆವತ್ತು ಹೇಳಲಿಲ್ಲ. ಆದರೆ ಆ ಮಾತು ತಲೆಯಿಂದ ಹೋಗಲೂ ಇಲ್ಲ. ಕಣ್ಣು ಕಾಣದವರಿಗೆ ರಸ್ತೆಯಲ್ಲಿ ಇರುವ ದಾರಿ ಒಂದೇ, ಇಬ್ಬರು ತುಳಿಯುವ ಜೋಡಿ ಸೈಕಲ್. ಮುಂದೆ ಕೂತವರು ದಾರಿ ನೋಡುತ್ತಾರೆ, ಬ್ರೇಕು, ಗೇರು ಅವರದು. ಹಿಂದೆ ಕೂತವರು ಕಸುವು ಕೂಡಿಸುತ್ತಾರೆ. ಅದರಲ್ಲೊಂದು ಲಾಭವೂ ಇದೆ. ಕಾಲು ಇಬ್ಬರದಾದರೂ ಗಾಳಿಗೆ ಎದುರಾಗುವುದು ಹೆಚ್ಚುಕಡಿಮೆ ಒಬ್ಬರ ಮೈ. ಜಿಮ್ಮಿಗೆ ಬರುತ್ತಿದ್ದ ನಾಗರಬಾವಿಯ ಶ್ರೀಶ ಎಂಬಾತ ಅಂಥದ್ದೊಂದು ಸೈಕಲ್ಲನ್ನು ತನಗೂ ಹೆಂಡತಿಗೂ ಎಂದು ಆಸೆಯಿಂದ ಕೊಂಡಿದ್ದ. ಹೆಂಡತಿ ಒಂದೇ ಒಂದು ಸಲ ಹಿಂದೆ ಕೂತು, ನಿಮ್ಮ ಬೆನ್ನು ನೋಡಿಕೊಂಡು ಇಷ್ಟು ದೂರ ಬರಲಾರೆ ಎಂದು ಇಳಿದುಬಿಟ್ಟಿದ್ದಳಂತೆ. ಅಲ್ಲಿಂದ ಅದು ಗ್ಯಾರೇಜಿನ ಗೋಡೆಗೆ ನೇತಾಡುತ್ತಿತ್ತು. ಕಲಾವತಿ ಕೇಳಿದಾಗ ಅವನೇ ಧೂಳು ಒರೆಸಿ ತಂದುಕೊಟ್ಟ.

ಮನೆಯಲ್ಲಿ ವಿಷಯ ಹೇಳಿದಾಗ ಫಕೀರೇಶ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿ ಕೇಳಿಸಿಕೊಂಡ. "ನಲವತ್ತ? ಮಾಗಡಿ ರೋಡಿನ್ಯಾಗ ನನ್ನ ಬಸ್ಸ ನಲವತ್ತ ನೋಡಿ ಎಷ್ಟ ವರ್ಷ ಆತೋ," ಎಂದ. ಆಮೇಲೆ, ಆ ಹುಡುಗಿಯ ಅಪ್ಪ ಅಮ್ಮನನ್ನು ಮೊದಲು ಕೇಳು ಎಂದ.

ಅಪ್ಪ ಶ್ಯಾಮಸುಂದರ ವಿಮಾ ಕಚೇರಿಯಿಂದ ನಿವೃತ್ತರಾದವರು. ಜೀವಮಾನವೆಲ್ಲ ಅಪಘಾತದ ಕಡತಗಳನ್ನೇ ಓದಿದ್ದರಿಂದ ಏನೇನು ಆಗಬಹುದು ಎಂಬುದಕ್ಕೆ ಅವರ ಬಳಿ ಉದಾಹರಣೆಗಳಿಗೆ ಬರವಿರಲಿಲ್ಲ. ನಾಯಿ ಅಡ್ಡ ಬರುವುದು, ಚೈನು ಕಡಿಯುವುದು, ನೀರಿನ ಟ್ಯಾಂಕರು, ಮುಚ್ಚಳವಿಲ್ಲದ ಗುಂಡಿ. ಕಲಾವತಿ ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟಳು. ಅಮ್ಮ ಅನಂತಲಕ್ಷ್ಮಿ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತೇ ಇದ್ದರು, ಒಂದು ಮಾತೂ ಆಡಲಿಲ್ಲ. ಕೊನೆಗೆ ಶ್ಯಾಮಸುಂದರ ಒಂದು ಷರತ್ತಿನ ಮೇಲೆ ಒಪ್ಪಿದರು. ಅಭ್ಯಾಸ ಎಲ್ಲೇ ನಡೆಯಲಿ, ಅವರು ಸ್ಕೂಟರಿನಲ್ಲಿ ಹಿಂದೆಯೇ ಬರುತ್ತಾರೆ.

ಹೀಗೆ ಭಾನುವಾರದ ಬೆಳಿಗ್ಗೆಗಳಲ್ಲಿ ಜ್ಞಾನಭಾರತಿ ಕ್ಯಾಂಪಸ್ಸಿನ ಒಳರಸ್ತೆಯಲ್ಲಿ ಒಂದು ಮೆರವಣಿಗೆ ಶುರುವಾಯಿತು. ಮುಂದೆ ಉದ್ದನೆಯ ಸೈಕಲ್ಲು, ಹಿಂದೆ ಹಾಲಿನ ಬಣ್ಣದ ಹಳೆಯ ಸ್ಕೂಟರು, ಅದರ ಮೇಲೆ ಸ್ವೆಟರ್ ತೊಟ್ಟು, ಪ್ರಥಮ ಚಿಕಿತ್ಸೆಯ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡ ಶ್ಯಾಮಸುಂದರ. ವಾಕಿಂಗಿಗೆ ಬಂದ ಹಿರಿಯರು ನಿಂತು ನೋಡುತ್ತಿದ್ದರು.

ಜೋಡಿ ಸೈಕಲ್ ಹತ್ತಿ ಇಳಿಯುವುದೇ ಒಂದು ವಿದ್ಯೆ. ಎರಡೂ ಜೊತೆ ಪೆಡಲುಗಳು ಒಂದೇ ಚೈನಿಗೆ ಬಿಗಿದಿರುತ್ತವೆ. ಒಬ್ಬರು ಕಾಲು ನಿಲ್ಲಿಸಿದರೆ ಇನ್ನೊಬ್ಬರದೂ ನಿಲ್ಲಬೇಕು. ಎರಡನೆಯ ಭಾನುವಾರ ನಿಲ್ಲಿಸುವಾಗ ಕಲಾವತಿ ಎಡಗಾಲು ಊರುತ್ತೇನೆ ಎಂದಳು, ತನ್ಮಯಿ ಬಲಕ್ಕೆ ವಾಲಿದಳು, ಇಬ್ಬರೂ ಸೈಕಲ್ ಸಮೇತ ರಸ್ತೆಗೆ ಬಿದ್ದರು. ತನ್ಮಯಿಯ ಮೊಣಕೈ ತರಚಿತು. ಇವತ್ತಿಗೆ ಇದು ಮುಗಿಯಿತು ಎಂದು ಕಲಾವತಿ ಅಂದುಕೊಂಡಳು. ಶ್ಯಾಮಸುಂದರ ಡಬ್ಬಿ ತೆರೆದು, ಗಾಯ ತೊಳೆದು, ಔಷಧಿ ಹಚ್ಚಿ, ಪಟ್ಟಿ ಕಟ್ಟಿದರು. ಎಲ್ಲ ಮುಗಿಸಿ ಡಬ್ಬಿ ಮುಚ್ಚಿ, ಮುಂದಿನ ವಾರವೂ ಇದೇ ಹೊತ್ತಿಗೇನಾ ಎಂದು ಕೇಳಿದರು.

ತಿಂಗಳುಗಳು ಕಳೆದಂತೆ ಇಬ್ಬರ ಕಾಲೂ ಹೊಂದಿಕೊಂಡವು. ವಾರದ ನಡುವೆ ಜಿಮ್ಮಿನಲ್ಲಿ ಅಳತೆ ನಡೆಯುತ್ತಿತ್ತು. ತನ್ಮಯಿ ಇಪ್ಪತ್ತು ನಿಮಿಷ ಬಿಡದೆ ನೂರತೊಂಬತ್ತು ವ್ಯಾಟ್ ತುಳಿದ ದಿನ ಕಲಾವತಿ ಜಿಮ್ಮಿನ ಎಲ್ಲರನ್ನೂ ಕರೆದು ತೋರಿಸಿದಳು. ಆಮೇಲೆ ಎಲ್ಲರೂ ಹೋದ ಮೇಲೆ, ತನ್ನದೂ ಎಷ್ಟಿದೆ ನೋಡೋಣ ಎಂದು ಹತ್ತಿದಳು. ರೇಸಿನ ದಿನಗಳಲ್ಲಿ ಅವಳದು ಇನ್ನೂರನಲವತ್ತರ ಮೇಲಿತ್ತು. ಈಗ ನೂರೆಪ್ಪತ್ತಕ್ಕೆ ನಿಂತಿತು. ಯಂತ್ರ ಕೆಟ್ಟಿದೆ ಎಂದು ಪಕ್ಕದ ಸೈಕಲ್ಲಿಗೆ ಹೋಗಿ, ಇನ್ನೊಂದು ದಿನ ಮತ್ತೆ ತುಳಿದಳು. ಅಲ್ಲೂ ಅಷ್ಟೇ. ಮನೆಗೆ ಬಂದು ಮಂಕಾಗಿ ಕೂತವಳನ್ನು ಫಕೀರೇಶ ಏನಾಯಿತೆಂದು ಕೇಳಿದ. ಹೇಳಿದಳು. ಅವನು ಒಳಗೆ ಹೋಗಿ ಎರಡು ಮೊಟ್ಟೆ ಬೇಯಿಸಿ ತಂದು ಅವಳ ಮುಂದಿಟ್ಟ. ಮರುದಿನದಿಂದ ಅದು ದಿನದ ಪದ್ಧತಿಯಾಯಿತು.

ಇಬ್ಬರ ಕಸುವೂ ಸೇರಿದರೆ ಮುನ್ನೂರೈವತ್ತು ದಾಟುತ್ತದೆ. ಲೆಕ್ಕದ ಪ್ರಕಾರ ನಲವತ್ತು ಸಿಗಬೇಕು. ಆದರೆ ರಸ್ತೆಯಲ್ಲಿ ಮೂವತ್ತಾರಕ್ಕೆ ಬಂದು ನಿಂತುಬಿಡುತ್ತಿತ್ತು. ಜ್ಞಾನಭಾರತಿಯ ರಸ್ತೆ ಏರಿಳಿತದ್ದು ಎಂದು, ಕೆಂಗೇರಿಯ ಆಚೆ ಕೆಂಪೇಗೌಡ ಬಡಾವಣೆಯ ಅಗಲವಾದ ರಸ್ತೆಗಳಿಗೆ ಅಭ್ಯಾಸ ಬದಲಾಯಿಸಿದರು. ಮನೆಗಳಿನ್ನೂ ಏಳದ ಸೈಟುಗಳು, ಹುಲ್ಲು, ನೇರವಾಗಿ ಮಲಗಿದ ಡಾಂಬರು. ಅಲ್ಲೂ ಮೂವತ್ತಾರೇ.

ಒಂದು ಬೆಳಿಗ್ಗೆ ಅಲ್ಲಿ ನಾಯಿಗಳ ಹಿಂಡೊಂದು ರಸ್ತೆಯಲ್ಲಿ ಮಲಗಿತ್ತು. ಶ್ಯಾಮಸುಂದರ ನಾಯಿ ಓಡಿಸಲೆಂದು ಸ್ಕೂಟರನ್ನು ಸೈಕಲ್ಲಿನ ಮುಂದಕ್ಕೆ ತಂದರು. ನಾಯಿಗಳು ಚದುರಿದವು. ಸ್ಕೂಟರು ಮುಂದೆಯೇ ಉಳಿಯಿತು. ಕಲಾವತಿಗೆ ಹಳೆಯ ಅಭ್ಯಾಸ, ತನಗರಿವಿಲ್ಲದೆ ಅದರ ಬೆನ್ನಿಗೆ ಅಂಟಿಕೊಂಡಳು. ಪೆಡಲು ಹಗುರವಾಯಿತು. ಹ್ಯಾಂಡಲಿನ ಮೇಲಿನ ಮೀಟರು ಮೂವತ್ತೆಂಟಾಯಿತು, ನಲವತ್ತಾಯಿತು, ನಲವತ್ನಾಲ್ಕು ತೋರಿಸಿತು. ಅವಳು ಒಂದೊಂದೇ ಅಂಕಿಯನ್ನು ಕೂಗಿ ಹೇಳಿದಳು. ನಿಲ್ಲಿಸಿದಾಗ ಅವಳ ಮುಖ ಅರಳಿತ್ತು. ಶ್ಯಾಮಸುಂದರ ಸ್ಕೂಟರ್ ಇಳಿದು ಚಪ್ಪಾಳೆ ತಟ್ಟುತ್ತ ಬಂದರು.

ತನ್ಮಯಿ ಮಾತ್ರ ಸೀಟಿನ ಮೇಲೆಯೇ ಕೂತಿದ್ದಳು.

"ಇದು ಲೆಕ್ಕಕ್ಕಿಲ್ಲ ಅಕ್ಕ. ಗಾಳಿ ಇರ್ಲಿಲ್ಲ," ಎಂದಳು. "ಗಾಳಿನೆಲ್ಲ ಅಪ್ಪ ಕುಡಿದುಬಿಟ್ರು. ಬರೀ ಪೆಟ್ರೋಲ್ ವಾಸನೆ ಬಂತು."

ಕಲಾವತಿ ಮೀಟರನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಹೌದು. ಜಿಮ್ಮಿನ ಸೈಕಲ್ಲಿಗೂ ಇದಕ್ಕೂ ಏನು ಫರಕು? ಇಡೀ ಹರೆಯವನ್ನು ಬೇರೆಯವರಿಗೆ ಗಾಳಿಮರೆ ಮಾಡಿಕೊಟ್ಟು ಕಳೆದವಳಿಗೆ, ಆ ಮರೆಯಲ್ಲಿ ಬರುವವರಿಗೆ ಏನು ತಪ್ಪಿಹೋಗುತ್ತದೆ ಎಂದು ಎಂದೂ ಹೊಳೆದಿರಲಿಲ್ಲ.

ಶ್ಯಾಮಸುಂದರ ಟೀ ತರಲು ಹೋದಾಗ ಹುಡುಗಿ ಇನ್ನೊಂದು ಮಾತು ಹೇಳಿದಳು. ಅದನ್ನು ಹೇಳಲು ಅವಳು ಬಹಳ ದಿನದಿಂದ ಕಾಯುತ್ತಿದ್ದಳೆಂದು ತೋರುತ್ತದೆ. "ಅಕ್ಕ, ಬೇಜಾರ್ ಮಾಡ್ಕೋಬೇಡಿ. ಮೂವತ್ತೈದು ದಾಟ್ತಿದ್ದ ಹಾಗೆ ನಿಮ್ಮ ಕಾಲು ಹಿಡಿದು ಹಿಡಿದು ತುಳಿಯುತ್ತೆ. ಪೆಡಲ್ ಒಂದೇ ಅಲ್ವಾ, ನಂಗೆ ಗೊತ್ತಾಗುತ್ತೆ. ನೀವು ಎದ್ದು ಕೂತ್ಕೋತೀರ, ಆಗ ನನ್ನ ಕಡೆಗೆ ಬರೋ ಗಾಳಿನೂ ಕಮ್ಮಿ ಆಗುತ್ತೆ. ನಿಮಗೆ ಭಯಾನಾ?"

ಬೀಳುವ ಭಯ ಕಲಾವತಿಗೆ ಎಂದೂ ಇರಲಿಲ್ಲ. ಆದರೆ ಹ್ಯಾಂಡಲಿಗೆ ಸಿಕ್ಕಿಸಿದ ಪುಟ್ಟ ಕನ್ನಡಿಯಲ್ಲಿ ಶ್ಯಾಮಸುಂದರ ಯಾವಾಗಲೂ ಇರುತ್ತಿದ್ದರು. ವೇಗ ಹೆಚ್ಚಿದಂತೆ ಅವರ ಮುಖ ಬಿಗಿಯುತ್ತಿತ್ತು. ಆ ಮುಖ ನೋಡಿದ ಕೂಡಲೇ ಕಲಾವತಿಯ ಬೆರಳು ಬ್ರೇಕಿಗೆ ಹೋಗುತ್ತಿತ್ತು, ಬಗ್ಗಿದ ಬೆನ್ನು ಮೇಲೇಳುತ್ತಿತ್ತು. ಎದ್ದ ಬೆನ್ನೆಂದರೆ ಗಾಳಿಗೆ ಬಾಗಿಲು ತೆರೆದ ಹಾಗೆ. ಕಾಲಿನ ಕಸುವು ಎಷ್ಟಿದ್ದರೇನು?

"ಭಯ ನಂದಲ್ಲವ್ವ," ಎಂದಳು. "ನಿಮ್ಮಪ್ಪಾರದು. ನಾ ಅದನ್ನ ಹೊತ್ಕೊಂಡು ತುಳಿಯಾಕತ್ತೀನಿ."

ಆ ವಾರ ಅವಳು ಒಬ್ಬಳೇ ಬಸವೇಶ್ವರನಗರದ ಮನೆಗೆ ಹೋದಳು. ಶ್ಯಾಮಸುಂದರ ವರಾಂಡದಲ್ಲಿ ಪೇಪರು ಓದುತ್ತಿದ್ದರು. ಸುತ್ತುಬಳಸಿ ಹೇಳಲು ಅವಳಿಗೆ ಬರುವುದಿಲ್ಲ. "ಸರ, ನೀವು ಹಿಂದ ಬರೂತನಕ ನಲವತ್ತ ಆಗೂದಿಲ್ಲರಿ. ಮುಂದ ಬಂದ್ರೂ ಆಗೂದಿಲ್ಲ," ಎಂದಳು. ಕನ್ನಡಿಯ ವಿಷಯವನ್ನೂ ಹೇಳಿದಳು.

ಅವರು ಪೇಪರು ಮಡಿಸಿದರು. ಮಗಳು ಅಂಬೆಗಾಲಿಡುವಾಗಿನಿಂದ ಅವಳ ಹಿಂದೆಯೋ ಮುಂದೆಯೋ ಒಂದು ಕೈ ಅಂತರದಲ್ಲಿ ಇದ್ದೇನೆ, ಹಾಗೆ ಇರುವುದನ್ನು ಬಿಟ್ಟರೆ ಎಲ್ಲಿ ನಿಲ್ಲಬೇಕು ಎಂದೇ ಗೊತ್ತಿಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಲಾವತಿಗೆ ಅದೇ ಕಷ್ಟವಾಯಿತು.

ಬಾಗಿಲ ಬಳಿ ನಿಂತಿದ್ದ ಅನಂತಲಕ್ಷ್ಮಿ ಆಗ ಬಾಯಿ ಬಿಟ್ಟರು. "ರಸ್ತೆ ಕೊನೇಲಿ ನಿಂತ್ಕೊಳ್ಳಿ. ಅವಳು ಬಂದು ತಲುಪೋ ಜಾಗ ಅದು. ನಾನೂ ಬರ್ತೀನಿ."

ಮಳೆಗಾಲ ಮುಗಿದು ಗಾಳಿ ತಗ್ಗಿದ ಒಂದು ಭಾನುವಾರ ಎಲ್ಲರೂ ಬಡಾವಣೆಗೆ ಬಂದರು. ಫಕೀರೇಶನಿಗೆ ರಜೆಯಿತ್ತು, ನಡುವಿನ ಅಡ್ಡರಸ್ತೆಯಲ್ಲಿ ಬರುವ ಗಾಡಿಗಳನ್ನು ತಡೆಯಲು ಅವನು ನಿಂತ. ಶ್ಯಾಮಸುಂದರ, ಅನಂತಲಕ್ಷ್ಮಿ ಇಬ್ಬರೂ ಸ್ಕೂಟರಿನಲ್ಲಿ ರಸ್ತೆಯ ಆ ತುದಿಗೆ ಹೋದರು. ಕಲಾವತಿ ಹಿಂದಿನ ದಿನವೇ ರಸ್ತೆಯನ್ನು ನಡೆದು ನೋಡಿ, ಜಲ್ಲಿಕಲ್ಲುಗಳನ್ನು ಗುಡಿಸಿ ಹಾಕಿದ್ದಳು. ಹ್ಯಾಂಡಲಿನ ಕನ್ನಡಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು.

ಮೊದಲು ನಿಧಾನ. ಉಸಿರು ಹೊಂದುವವರೆಗೆ ಇಪ್ಪತ್ತೈದರಲ್ಲಿ ಹೋದರು. ಗೇರು ಏರಿಸುವ ಮುಂಚೆ ಕಲಾವತಿ ಪ್ರತಿ ಸಲವೂ ಹೂಂ ಎನ್ನುತ್ತಿದ್ದಳು, ಹಿಂದಿನಿಂದ ಇನ್ನೊಂದು ಹೂಂ ಬರುತ್ತಿತ್ತು. ಮೂವತ್ತೆರಡು, ಮೂವತ್ತೈದು. ಅಲ್ಲಿಗೆ ಗೋಡೆ ಎದುರಾಯಿತು. ಕಲಾವತಿ ಮೊಣಕೈ ಮಡಿಸಿ, ಗಲ್ಲ ಹ್ಯಾಂಡಲಿಗೆ ತಾಗುವಷ್ಟು ಬಗ್ಗಿದಳು. ಅವಳ ಹಿಂದೆ ತನ್ಮಯಿಯೂ ಬಗ್ಗಿದಳು. ತೊಡೆಗಳಲ್ಲಿ ಬೆಂಕಿ ಹತ್ತಿತು. ಬಾಯಿ ಒಣಗಿತು. ಮೂವತ್ತೇಳರಲ್ಲಿ ಕಲಾವತಿಗೆ ತನ್ನ ಕಾಲು ಮುಗಿಯಿತು ಅನ್ನಿಸಿತು. ಆದರೆ ಪೆಡಲು ನಿಲ್ಲಲಿಲ್ಲ. ಹಿಂದಿನಿಂದ ಎರಡು ಗಟ್ಟಿ ಕಾಲುಗಳು ಅವಳ ಕಾಲನ್ನೂ ಸೇರಿಸಿ ಸುತ್ತಿಸುತ್ತಿದ್ದವು. ಇಂಥದ್ದು ಅವಳ ಅನುಭವದಲ್ಲೇ ಇರಲಿಲ್ಲ. ಹಿಂದಿದ್ದವರು ಯಾವಾಗಲೂ ಅವಳಿಂದ ತೆಗೆದುಕೊಂಡು ಹೋಗುತ್ತಿದ್ದರು. ಇವಳು ಕೊಡುತ್ತಿದ್ದಾಳೆ. ಕಲಾವತಿ ಹಲ್ಲು ಕಚ್ಚಿ, ಉಳಿದದ್ದನ್ನೆಲ್ಲ ಪೆಡಲಿಗೆ ಹಾಕಿದಳು.

ಈಗ ಕಿವಿಯಲ್ಲಿ ಗಾಳಿಯ ಭೋರೆನ್ನುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಬಗ್ಗಿದ ಬೆನ್ನಿನ ಮೇಲಿಂದ ಅದು ಹಿಂದಕ್ಕೆ ಹಾಯುತ್ತಿತ್ತು. ಮೀಟರಿನಲ್ಲಿ ಮೂವತ್ತೊಂಬತ್ತು ಇತ್ತು. ಅದನ್ನು ಹೇಳಲು ಅವಳಿಗೆ ಉಸಿರಿರಲಿಲ್ಲ. ಆಗ ತನ್ಮಯಿ ಹಿಂದಿನಿಂದ, ಸಣ್ಣ ದನಿಯಲ್ಲಿ, "ಬಂತು," ಎಂದಳು. ಕಲಾವತಿ ಮತ್ತೆ ಕಣ್ಣು ಇಳಿಸಿ ನೋಡಿದಾಗ ನಲವತ್ತಾಗಿತ್ತು.

ಬಹಳ ಹೊತ್ತೇನೂ ಉಳಿಯಲಿಲ್ಲ. ಕೆಲವು ಲೈಟ್ ಕಂಬಗಳು ಹಿಂದೆ ಸರಿಯುವಷ್ಟು ಹೊತ್ತು, ಅಷ್ಟೆ. ಆಮೇಲೆ ಇಬ್ಬರೂ ಒಟ್ಟಿಗೇ, ಯಾರೂ ಹೇಳದೆ, ಕಾಲು ಸಡಿಲ ಬಿಟ್ಟರು. ಸೈಕಲ್ಲು ತಾನೇ ಉರುಳುತ್ತ ರಸ್ತೆಯ ತುದಿಗೆ ಹೋಗಿ ನಿಂತಿತು. ತನ್ಮಯಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಶ್ಯಾಮಸುಂದರ ಗಾಬರಿಯಿಂದ ಡಬ್ಬಿ ಹಿಡಿದು ಓಡಿ ಬಂದರು. "ಅಳ್ತಾ ಇಲ್ಲಪ್ಪ, ಗಾಳಿಗೆ," ಎಂದಳು ಅವಳು. ಅಳುತ್ತಲೂ ಇದ್ದಳು.

ಕೂದಲು ಕೆದರಿ, ಕೆನ್ನೆ ಕೆಂಪಾಗಿ, ಕಲ್ಲಿನ ಮೇಲೆ ಕೂತು ನೀರು ಕುಡಿದ ಮೇಲೆ ತನ್ಮಯಿ, "ಐವತ್ತು ಆಗುತ್ತಾ ಅಕ್ಕ?" ಎಂದು ಕೇಳಿದಳು.

ಕಲಾವತಿ ಆಗಿನ್ನೂ ಏದುಸಿರು ಬಿಡುತ್ತಿದ್ದಳು. ನಲವತ್ತರಿಂದ ಐವತ್ತು ಎಂದರೆ ಬರೀ ಹತ್ತು ಅನ್ನಿಸುತ್ತದೆ, ಆದರೆ ಅದಕ್ಕೆ ಈಗ ಹಾಕಿದ ಕಸುವಿನ ಎರಡರಷ್ಟು ಬೇಕು, ಇನ್ನೂ ಇಬ್ಬರು ತುಳಿಯಬೇಕಾದೀತು, ಅದೂ ಗಾಳಿ ಇಷ್ಟೇ ಇದ್ದರೆ ಎಂದು ವಿವರಿಸಿದಳು. ಮನುಷ್ಯನ ಕಾಲಿಗೆ ಎಲ್ಲೋ ಒಂದು ಕಡೆ ಎಲ್ಲೆಯಿದೆ, ತನ್ನದು ಇವತ್ತು ಮುಟ್ಟಿ ಬಂದೆ ಎಂದಳು.

"ಇನ್ನಿಬ್ರು ತಾನೆ? ನಾವಿದೀವಲ್ಲ," ಎಂದರು ಶ್ಯಾಮಸುಂದರ, ತಮ್ಮನ್ನೂ ಹೆಂಡತಿಯನ್ನೂ ಸೇರಿಸಿ. ಫಕೀರೇಶ ಅಲ್ಲಿಗೆ ಬಂದವನು ಇದನ್ನು ಕೇಳಿ ನಕ್ಕುಬಿಟ್ಟ. ಎಲ್ಲರೂ ನಕ್ಕರು.

ಅನಂತಲಕ್ಷ್ಮಿ ತಂದಿದ್ದ ಅವಲಕ್ಕಿ ತಿಂದು, ಹೊರಡುವ ಹೊತ್ತಿಗೆ ಅವರು ಕಲಾವತಿಯನ್ನು ಪಕ್ಕಕ್ಕೆ ಕರೆದು, ತಮ್ಮನ್ನು ಒಂದು ಸಲ ಹಿಂದೆ ಕೂರಿಸಿಕೊಳ್ಳುತ್ತೀಯಾ ಎಂದು ಕೇಳಿದರು. ಸೀರೆಯುಟ್ಟೇ ಬಂದಿದ್ದರು. ಸೆರಗನ್ನು ಸೊಂಟಕ್ಕೆ ಬಿಗಿದು, ನೆರಿಗೆಯನ್ನು ಎತ್ತಿ ಸಿಕ್ಕಿಸಿ, ಮಗಳ ಭುಜ ಹಿಡಿದು ಹತ್ತಿದರು. ಪೆಡಲಿನ ಮೇಲೆ ಕಾಲು ಎಲ್ಲಿಡಬೇಕೆಂದು ತನ್ಮಯಿ ಬಗ್ಗಿ, ಅಮ್ಮನ ಪಾದ ಹಿಡಿದು ತೋರಿಸಿದಳು.

ಬೆಳಗಿನ ಬಿಸಿಲಿನಲ್ಲಿ ಕಲಾವತಿ ಅವರನ್ನು ಕೂರಿಸಿಕೊಂಡು ಹೊರಟಳು. ಓಡುವ ಮಗು ಹಿಂದಿಕ್ಕಬಹುದಾದಷ್ಟು ನಿಧಾನ. ಹಿಂದಿನ ಕಾಲುಗಳು ಏನೂ ತುಳಿಯುತ್ತಿರಲಿಲ್ಲ, ಪೆಡಲಿನ ಜೊತೆ ಸುಮ್ಮನೆ ಸುತ್ತುತ್ತಿದ್ದವು. ಇಷ್ಟು ದಿನ ಬಾಗಿಲ ಬಳಿ ನಿಂತು ಹೆಚ್ಚು ಮಾತೇ ಆಡದಿದ್ದ ಹೆಂಗಸು ಈಗ ಬಿಡದೆ ಮಾತಾಡುತ್ತಿದ್ದರು. ತನ್ಮಯಿ ಹುಟ್ಟಿದಾಗಿನದು, ಶಾಲೆಗೆ ಸೇರಿಸಿದ್ದು, ಬ್ಯಾಂಕಿಗೆ ಮೊದಲ ದಿನ ಒಬ್ಬಳೇ ಹೋದಾಗ ತಾವು ಗುಟ್ಟಾಗಿ ಹಿಂದೆ ಆಟೊದಲ್ಲಿ ಹೋಗಿದ್ದು. ಕಲಾವತಿಯ ಸೊಂಟ ನೋಯುತ್ತಿತ್ತು, ತೊಡೆ ಕಲ್ಲಾಗಿತ್ತು. ಆದರೂ ಅವಳು ರಸ್ತೆಯ ತುದಿ ಬಂದಾಗ ನಿಲ್ಲಿಸಲಿಲ್ಲ. ಅಗಲವಾಗಿ ತಿರುಗಿಸಿಕೊಂಡು, ಕೇಳುತ್ತ, ಹೂಂಗುಡುತ್ತ, ಇನ್ನೊಂದು ಸುತ್ತು ಹೋದಳು.